ರಜೆಯ ತೂಕ

ಕಾರ್ಮಿಕರ ಪರವಾಗಿ ಯಂತ್ರದ ಕೋಣೆಯಲ್ಲಿ ಕೂತು ಕಾವಲು ಕಾಯಲು ನನ್ನನ್ನು ಆರಿಸಿದ್ದು ನನ್ನ ಓದು ನೋಡಿ ಅಲ್ಲ. ಯಾರನ್ನೂ ನಂಬುವುದಿಲ್ಲ ಎಂಬ ನನ್ನ ಒಂದೇ ಗುಣ ನೋಡಿ. ಕಾಯಿಪಲ್ಲೆಯವಳು ತಕ್ಕಡಿ ಎತ್ತಿದರೆ ಬಗ್ಗಿ ಅದರ ತಳ ನೋಡುವವಳು ನಾನು. ಗ್ಯಾಸ್ ಸಿಲಿಂಡರನ್ನು ಅಲ್ಲಾಡಿಸದೆ ಒಳಗೆ ಬಿಟ್ಟುಕೊಂಡವಳಲ್ಲ. ಊಟದ ಬಿಡುವಿನಲ್ಲಿ ನನ್ನ ಪಕ್ಕದ ಟೇಬಲ್ಲಿನ ರಾಜಾಬಿ ಎದ್ದು ನಿಂತಳು.

"ಅನಸೂಯಾನ್ನ ಕಳಸ್ರಿ. ಅಕಿ ತನ್ನ ನೆರಳನ್ನೂ ನಂಬಂಗಿಲ್ಲ, ಇನ್ನ ಯಂತ್ರ ಏನ್ ಲೆಕ್ಕ!"

ಎಲ್ಲರೂ ನಕ್ಕು ಕೈ ಎತ್ತಿದರು. ನನ್ನ ಗಂಡ ಫಕ್ಕೀರಪ್ಪ ಎರಡೂ ಕೈ ಎತ್ತಿದ. ಎದುರಿಗೆ ನಾನು ಅವನಿಗೆ 'ರೀ' ಅನ್ನುವವಳೇ. ಇಲ್ಲಿ ಹೆಸರು ಹಿಡಿದು ಬರೆಯುತ್ತಿದ್ದೇನೆ, ಇಲ್ಲದಿದ್ದರೆ ಓದುವ ನಿಮಗೆ ಗೊಂದಲವಾಗುತ್ತದೆ.

ನಮ್ಮ ಕಾರ್ಖಾನೆ ಹುಬ್ಬಳ್ಳಿಯ ಹೊರಗಿದೆ, ಹೆಸರು ನವಚೇತನ. ಪೆಟ್ರೋಲ್ ಬಂಕುಗಳು ಒಂದೊಂದಾಗಿ ಬಾಗಿಲು ಹಾಕಿ ಊರ ತುಂಬ ಬ್ಯಾಟರಿ ಗಾಡಿಗಳೇ ಆದ ಮೇಲೆ ಹುಟ್ಟಿದ ಕಾರ್ಖಾನೆ. ಸ್ಕೂಟರು, ಆಟೋಗಳ ಹಳೆಯ ಬ್ಯಾಟರಿಗಳು ಇಲ್ಲಿಗೆ ಬರುತ್ತವೆ. ನಾವು ಬಿಚ್ಚುತ್ತೇವೆ, ಒಳಗಿನ ಸೆಲ್ಲುಗಳನ್ನು ಮೀಟರಿಗೆ ಹಚ್ಚಿ ನೋಡುತ್ತೇವೆ, ಸತ್ತದ್ದನ್ನು ಎಸೆದು ಜೀವ ಇದ್ದದ್ದನ್ನು ನಮ್ಮ ನಮ್ಮ ಕ್ರೇಟಿಗೆ ತುಂಬುತ್ತೇವೆ. ಕ್ರೇಟುಗಳು ಮುಂದೆ ವೆಲ್ಡಿಂಗಿಗೆ ಹೋಗಿ ಹೊಸ ಬ್ಯಾಟರಿಯಾಗಿ ಹೊರಬರುತ್ತವೆ. ಹೊಟ್ಟೆಗೆ ಬಟ್ಟೆಗೆ ಕೊರತೆ ಇರಲಿಲ್ಲ. ಆಮೇಲೆ ಉಪ್ಪಿನಿಂದ ಮಾಡಿದ ಬ್ಯಾಟರಿ ಬಂತು. ಹೊಸದೇ ಇಷ್ಟು ಅಗ್ಗಕ್ಕೆ ಸಿಗುವಾಗ ಹಳೆಯದಕ್ಕೆ ತೇಪೆ ಹಚ್ಚಿಸಿಕೊಳ್ಳುವ ಹುಚ್ಚರು ಯಾರು? ನಾಲ್ಕರಲ್ಲಿ ಒಬ್ಬರು ಮನೆಗೆ ಹೋಗಬೇಕು ಎಂದು ಕಂಪನಿ ಹೇಳಿತು.

ಮೊದಲಾಗಿದ್ದರೆ ಯಾರು ಹೋಗುತ್ತಾರೆ ಎಂದು ಯಂತ್ರ ಹೇಳಬೇಕಾಗಿರಲಿಲ್ಲ. ಮ್ಯಾನೇಜರಿಗೆ ನಮಸ್ಕಾರ ಹಾಕದವನು, ಬಾಯಿ ಜೋರಿದ್ದವಳು, ಯಾರ ಕಡೆಯವನೂ ಅಲ್ಲದವನು. ಇಂಥ ಅನ್ಯಾಯಕ್ಕೆ ಬೇರೆ ಬೇರೆ ಊರುಗಳಲ್ಲಿ ಕಲ್ಲು ತೂರಾಟ ನಡೆದು, ಕೊನೆಗೆ ಸರ್ಕಾರ ಕಾಯಿದೆ ತಂದಿತ್ತು: ಕೆಲಸದಿಂದ ತೆಗೆಯುವುದಾದರೆ ಅಳೆದು ತೆಗೆಯಬೇಕು, ಅಳೆಯುವುದು ಮನುಷ್ಯರಲ್ಲ. ಹಾಗೆ ಬಂದದ್ದು ಈ ಯಂತ್ರ. ಅದಕ್ಕೊಂದು ಉದ್ದನೆಯ ಸಂಸ್ಕೃತದ ಹೆಸರಿತ್ತು. ನಮ್ಮ ಮಂದಿ ತಕ್ಕಡಿ ಅಂದರು.

ತಕ್ಕಡಿಯ ಕೋಣೆ ಮಹಡಿಯ ಮೇಲೆ. ಒಂದು ಪಕ್ಕಕ್ಕೆ ಗಾಜಿನ ಗೋಡೆ, ಕೆಳಗೆ ನಮ್ಮ ಟೇಬಲ್ಲುಗಳೆಲ್ಲ ಕಾಣುತ್ತಿದ್ದವು. ಕಾವಲಿನ ದಿನ ನಾನು ಇಡೀ ಪಾಳಿ ಮೇಲೆ, ಉಳಿದ ದಿನ ಕೆಳಗೆ ನನ್ನ ಟೇಬಲ್ಲಿನಲ್ಲಿ. ನೋಡಿಕೊಳ್ಳಲು ಬಂದ ಎಂಜಿನಿಯರ್ ತುಮಕೂರು ಕಡೆಯ ತನ್ಮಯಿ, ಸಣ್ಣ ವಯಸ್ಸಿನ ಹುಡುಗಿ. ಮೊದಲ ದಿನವೇ ನಾನು ಅವಳ ಬೆನ್ನು ಹತ್ತಿದೆ.

"ಇದಕ್ಕ ನಮ್ಮ ಹೆಸರು ಗೊತ್ತೈತೇನು?"

"ಇಲ್ಲ ಅಕ್ಕ. ಟೇಬಲ್ ನಂಬರ್ ಅಷ್ಟೇ. ಹೆಸರು, ಜಾತಿ, ವಯಸ್ಸು, ಗಂಡಸೋ ಹೆಂಗಸೋ, ಏನೂ ಕೊಟ್ಟಿಲ್ಲ."

"ಹಂಗಾದ್ರ ಯಾರು ಬೇಕು ಯಾರು ಬ್ಯಾಡ ಅನ್ನೂದು ಹೆಂಗ ತಿಳೀತೈತಿ?"

ಅವಳು ಸಮಾಧಾನದಿಂದ ಹೇಳಿದಳು. ಒಬ್ಬರು ಎಷ್ಟು ಕೆಲಸ ಮಾಡುತ್ತಾರೆ ಎಂದು ಎಣಿಸಿದರೆ ಮೋಸಕ್ಕೆ ದಾರಿ. ಸುಲಭದ ಬ್ಯಾಟರಿ ಸಿಕ್ಕವನು ಗೆಲ್ಲುತ್ತಾನೆ, ಕಷ್ಟದ್ದು ಸಿಕ್ಕವಳು ಸೋಲುತ್ತಾಳೆ. ಅದಕ್ಕೇ ತಕ್ಕಡಿ ಇದ್ದವರನ್ನು ತೂಗುವುದಿಲ್ಲ, ಇಲ್ಲದವರನ್ನು ತೂಗುತ್ತದೆ. ಒಬ್ಬರು ಬಾರದ ದಿನ ಇಡೀ ಸಾಲಿನ ಕೆಲಸ ಎಷ್ಟು ಕುಸಿಯಿತು? ಆ ಕುಸಿತವೇ ಆ ಮನುಷ್ಯನ ತೂಕ. ಇದಕ್ಕಾಗಿ ತಕ್ಕಡಿ ತಾನೇ ಚೀಟಿ ಎತ್ತಿದಂತೆ ಒಬ್ಬೊಬ್ಬರಿಗೆ ರಜೆ ಕೊಡುತ್ತದೆ. ಬೆಳಿಗ್ಗೆ ಗೇಟಿಗೆ ಬಂದಾಗ ಮೊಬೈಲಿಗೆ ಸಂದೇಶ: ಇಂದು ನಿಮಗೆ ಪಗಾರ ಸಹಿತ ರಜೆ. ಒಬ್ಬೊಬ್ಬರಿಗೆ ಎರಡು ಸಲ. ಎರಡೂ ಸೇರಿಸಿ ತೂಕ. ಹಗುರಾದವರು ಮನೆಗೆ.

ಕೇಳಿದರೆ ನ್ಯಾಯವೇ ಅನ್ನಿಸಿತು. ನ್ಯಾಯ ಅನ್ನಿಸಿದ್ದಕ್ಕೇ ನನ್ನ ಅನುಮಾನ ಹೆಚ್ಚಾಯಿತು.

ಕಾಯಿದೆಯಂತೆ ಕಂಪನಿಗೂ ಕಾರ್ಮಿಕರಿಗೂ ಆದ ಒಪ್ಪಂದದಲ್ಲಿ ಇನ್ನೊಂದು ಮಾತಿತ್ತು. ತೂಗುವ ಬಗೆ ಕೆಳಗಿನವರಿಗೆ ತಿಳಿಯಕೂಡದು. ತಿಳಿದರೆ ಜನ ಆಟ ಕಟ್ಟುತ್ತಾರೆ. ತಿಳಿದದ್ದು ಸಾಬೀತಾದರೆ ಒಪ್ಪಂದವೇ ರದ್ದು, ಕಂಪನಿ ತನಗೆ ಬೇಕಾದಂತೆ ಆರಿಸುತ್ತದೆ. ಮ್ಯಾನೇಜರ್ ದೇಶಮಾನೆ ಸಾಹೇಬರು ಈ ಸಾಲಿನ ಕೆಳಗೆ ಬೆರಳಿಟ್ಟು ತೋರಿಸಿದರು. "ಬಾಯಿಗೆ ಬೀಗ, ಅನಸೂಯಾಬಾಯಿ," ಎಂದು ನಕ್ಕರು. ನಾನು ಸಹಿ ಹಾಕಿದೆ. ಅವರ ನಗು ನನಗೆ ಹಿಡಿಸಲಿಲ್ಲ.

ಕೆಳಗೆ ಮಾತ್ರ ಹಬ್ಬ. ಪುಕ್ಕಟೆ ರಜೆ ಯಾರಿಗೆ ಬೇಡ? ಆದರೆ ನಮ್ಮ ಮಂದಿ ಸುಮ್ಮನೆ ರಜೆ ಅನುಭವಿಸುವ ಜಾತಿಯವರಲ್ಲ. ಹೆಚ್ಚಿನವರು ಸುತ್ತಲಿನ ಹಳ್ಳಿಗಳಿಂದ ಬಂದವರು. ಹೊಲ ಬಿಟ್ಟರೂ ಮುಯ್ಯಿ ಬಿಟ್ಟಿರಲಿಲ್ಲ. ಇವತ್ತು ನಿನ್ನ ಹೊಲದಲ್ಲಿ ನಾನು ದುಡಿಯುವುದು, ನಾಳೆ ನನ್ನ ಹೊಲದಲ್ಲಿ ನೀನು, ಕೂಲಿಯ ಮಾತೇ ಇಲ್ಲ. ಕಾರ್ಖಾನೆಯಲ್ಲಿ ಅದು ಕ್ರೇಟಿಗೆ ಬಂದಿತ್ತು. ಯಾರಾದರೂ ಬಾರದಿದ್ದರೆ ಅಕ್ಕಪಕ್ಕದವರು ತಮ್ಮದರ ಜೊತೆಗೆ ಅವರ ಕ್ರೇಟನ್ನೂ ತುಂಬಿ ಕಳಿಸುತ್ತಿದ್ದರು.

ಅದರಲ್ಲೂ ಫಕ್ಕೀರಪ್ಪನ ಕ್ರೇಟಿಗೆ ಪೈಪೋಟಿ. ಯಾರ ಮನೆಯಲ್ಲಿ ದವಾಖಾನೆ ಎಂದರೂ ಓಡುವವನು ಅವನು. ಯಾರ ಮನೆಯಲ್ಲಿ ಸಾವಾದರೂ ಹೆಗಲು ಕೊಡುವವನು ಅವನು. ಮಗಳ ಸೀಟಿಗೆ ಕಾಲೇಜಿನ ಮೆಟ್ಟಿಲು ಹತ್ತುವವನೂ ಅವನೇ, ಮಗಳು ಮಾತ್ರ ಬೇರೆಯವರವಳು. ಅವನು ಉಪಕಾರ ಮಾಡದ ಮನೆ ನಮ್ಮ ಸಾಲಿನಲ್ಲಿ ಇರಲಿಲ್ಲ.

ಈ ಮುಯ್ಯಿಯಿಂದ ದೂರ ಇದ್ದವರು ಇಬ್ಬರೇ. ಒಬ್ಬ ಚಿದಂಬರ ಜಾಲಿಹಾಳ. ಒಳ್ಳೆಯ ಮೀಟರು ತನ್ನ ಡ್ರಾಯರಿನಲ್ಲಿ ಬಚ್ಚಿಟ್ಟುಕೊಳ್ಳುವವನು, ಯಾರು ಎಷ್ಟು ಹೊತ್ತು ಚಹಾ ಕುಡಿದರು ಎಂದು ಮೇಲೆ ಹೋಗಿ ಊದುವವನು. ಅವನು ಯಾರ ಕ್ರೇಟನ್ನೂ ಮುಟ್ಟುತ್ತಿರಲಿಲ್ಲ, ಅವನದನ್ನೂ ಯಾರೂ ಮುಟ್ಟುತ್ತಿರಲಿಲ್ಲ. ಇನ್ನೊಬ್ಬಳು ನಾನು. ಇವತ್ತು ತುಂಬಿಸಿಕೊಂಡರೆ ನಾಳೆ ಏನು ಕೇಳುತ್ತಾರೋ ಎಂಬ ಅನುಮಾನ ನನಗೆ. ಮದುವೆಯಾದ ಹೊಸದರಲ್ಲಿ ಫಕ್ಕೀರಪ್ಪ ಹೇಳಿ ಹೇಳಿ ಸೋತು ಬಿಟ್ಟುಬಿಟ್ಟಿದ್ದ.

ಅವನಿಗೆ ಮೊದಲ ರಜೆ ಸಿಕ್ಕ ಮರುದಿನ ಸಂಜೆ ಮನೆಯಲ್ಲಿ ಅವನ ಮುಖ ನೋಡಬೇಕಿತ್ತು.

"ಅನಸೂ, ನನ್ನ ಕ್ರೇಟ ಹೆಂಗ ತುಂಬಿದ್ರ ಗೊತ್ತೇನ? ಚಾ ಕುಡ್ಯಾಕೂ ಏಳಲಿಲ್ಲಂತ ಮಂದಿ. ರಾಜಾಬಿ ಅಂತಾಳ, 'ನಿನ್ನ ಜಾಗಾ ಕಾಲಿ ಕಂಡ್ರ ಸಾಹೇಬ್ರ ಕಣ್ಣು ಬೀಳ್ತೈತೋ ಅಣ್ಣಾ, ಅದಕ ಬಿಡಲಿಲ್ಲ' ಅಂತ."

"ಪುಕ್ಕಟೆ ದುಡದ್ರು. ಕಂಪನಿಗೆ ಲಾಭ," ಎಂದೆ ನಾನು.

"ನಿನ್ನ ಮುಂದ ಹೇಳ್ತೀನಲ್ಲ, ನನಗ ಬುದ್ಧಿ ಇಲ್ಲ," ಎಂದು ನಗುತ್ತ ಅಂಗಿ ಕಳಚಿದ.

ಮೊದಲ ಸುತ್ತಿನ ತೂಕ ಪರದೆಯ ಮೇಲೆ ಬಂತು. ಸಾಲಿನ ತೀರಾ ಕೆಳಗೆ, ಎಲ್ಲರಿಗಿಂತ ಹಗುರ, ಫಕ್ಕೀರಪ್ಪನ ಟೇಬಲ್ಲು. ಅವನಿಲ್ಲದ ದಿನ ಕೆಲಸ ಕುಸಿಯುವುದಿರಲಿ, ಒಂದು ಕೂದಲೆಳೆ ಏರಿತ್ತು! ಮೇಲಿನ ತುದಿಯಲ್ಲಿ, ಭಾರವಾದವರ ಜೊತೆಗೆ, ಚಿದಂಬರ.

ನಾನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೆ. "ಯಾರ ಕೈವಾಡ ಇದು? ನಾ ಇಲ್ಲಿ ಕುಂತೀನಂತ ನನ್ನ ಗಂಡನ ಮ್ಯಾಲ ಸಿಟ್ಟ ತೀರಸ್ಕೊಳ್ಳಾಕತ್ತೀರೇನು? ಆ ಚಾಡಿಕೋರ ಎಷ್ಟ ಕೊಟ್ಟಾನ ನಿನಗ?"

ತನ್ಮಯಿಯ ಮುಖ ಕೆಂಪಾಯಿತು. ಆದರೂ ಜಗಳಕ್ಕೆ ಬರಲಿಲ್ಲ. "ಅಕ್ಕ, ನೀವೇ ಪರೀಕ್ಷೆ ಮಾಡಿ. ನಂಬರ್‌ಗಳನ್ನೆಲ್ಲ ನಿಮ್ಮ ಕೈಯಿಂದಲೇ ಅದಲುಬದಲು ಮಾಡಿ. ನನಗೂ ಗೊತ್ತಾಗೋದು ಬೇಡ."

ಮಾಡಿದೆ. ಅವಳನ್ನು ಹೊರಗೆ ನಿಲ್ಲಿಸಿ, ಬಾಗಿಲಿಗೆ ಚಿಲಕ ಹಾಕಿ ಮಾಡಿದೆ. ಯಾವ ನಂಬರಿನ ಹಿಂದೆ ಬಚ್ಚಿಟ್ಟರೂ ತಕ್ಕಡಿ ಫಕ್ಕೀರಪ್ಪನ ರಜೆಯನ್ನು ಹುಡುಕಿ ಹಗುರ ಅಂದಿತು, ಚಿದಂಬರನದನ್ನು ಭಾರ ಅಂದಿತು. ವೈರು ಎಲ್ಲಿ ಹೋಗುತ್ತದೆ ಎಂದು ಟೇಬಲ್ಲಿನ ಕೆಳಗೆ ತೂರಿ ನೋಡಿದೆ. ಕೆಳಗಿನ ಕೆಲಸ ಎಣಿಸುವ ಕ್ಯಾಮೆರಾಗಳಿಗೆ ಯಾರಾದರೂ ಏನಾದರೂ ಹಚ್ಚಿದ್ದಾರೋ ಎಂದು ಏಣಿ ಹತ್ತಿ ಒರೆಸಿದೆ. ಮೋಸ ಸಿಗಲಿಲ್ಲ. ಸಿಗಲಿಲ್ಲವಲ್ಲ ಎಂದು ನನಗೆ ಅಳು ಬಂತು. ಮೋಸ ಇದ್ದಿದ್ದರೆ ಅದರ ಜುಟ್ಟು ಹಿಡಿಯಬಹುದಿತ್ತು.

ಫಕ್ಕೀರಪ್ಪನಿಗೆ ನಾನು ಹೇಳಲಿಲ್ಲ. ಬೀಗ ಹಾಕಿದ ಬಾಯಿ. ಆದರೆ ಈ ವಯಸ್ಸಿನಲ್ಲಿ ಅವನಿಗೆ ಬೇರೆ ಕೆಲಸ ಯಾರು ಕೊಡುತ್ತಾರೆ? ಅದಕ್ಕಿಂತ ಹೆಚ್ಚಿನ ಸಂಕಟ ಬೇರೆಯಿತ್ತು. ಅಷ್ಟು ಮಂದಿಗೆ ಬೇಕಾದ ಮನುಷ್ಯನಿಗೆ 'ನೀನು ಇಲ್ಲದಿದ್ದರೂ ನಡೆಯುತ್ತದೆ' ಎಂದು ಗೋಡೆಗೆ ಬರೆದು ಅಂಟಿಸಿದರೆ ಅವನು ಬದುಕುತ್ತಾನೆಯೇ? ಮೂರು ಹೊತ್ತೂ ಇದೇ ಯೋಚನೆ. ಅಡುಗೆಗೆ ಉಪ್ಪು ಎರಡು ಸಲ ಬಿತ್ತು.

ಒಂದು ಸಂಜೆ ಕರೆಂಟು ಹೋಗಿತ್ತು. ನಮ್ಮ ಮನೆಯ ದೀಪಕ್ಕೆ ಫಕ್ಕೀರಪ್ಪ ಹಳೆಯ ಸೆಲ್ಲುಗಳಿಂದ ತಾನೇ ಒಂದು ಬ್ಯಾಟರಿ ಕಟ್ಟಿದ್ದ. ಅದನ್ನು ನೆಲದ ಮೇಲೆ ಇಟ್ಟುಕೊಂಡು ಏನೋ ರಿಪೇರಿ ಮಾಡುತ್ತ ಕೂತಿದ್ದ. ದೀಪ ಉರಿಯುತ್ತಿರುವಾಗಲೇ ಒಂದು ಸೆಲ್ಲನ್ನು ಕಿತ್ತು ಕೈಯಲ್ಲಿ ಹಿಡಿದ.

"ಸತ್ತೈತೇನ್ರಿ ಅದು?" ಎಂದೆ.

"ಏ, ಇಲ್ಲ. ಎಲ್ಲಾದಕ್ಕಿಂತ ಛಲೋದ ಇದ."

"ಮತ್ತ ದೀಪ ಅಲುಗಲೇ ಇಲ್ಲಲ್ಲ?"

"ಹೆಂಗ ಅಲುಗತೈತಿ? ಬಾಜೂದಾವು ಭಾರ ಹೊತ್ಕೊಂಡ್ವು. ಅವು ಹೊತ್ಕೊಂಡ್ರ ಒಂದ ಕಡಿಮಿ ಆಗೇತಿ ಅಂತ ದೀಪಕ್ಕ ಏನ್ ಗೊತ್ತ?"

ನನ್ನ ಕೈಯಲ್ಲಿದ್ದ ಲಟ್ಟಣಿಗೆ ಅಲ್ಲೇ ನಿಂತಿತು. ಅಯ್ಯೋ ಶಿವನೇ! ಕಳ್ಳ ನಮ್ಮೊಳಗೇ ಇದ್ದ, ಕಳ್ಳನ ಹೆಸರು ಮುಯ್ಯಿ. ಫಕ್ಕೀರಪ್ಪನ ಮೇಲಿನ ಪ್ರೀತಿಗೆ ಮಂದಿ ಚಹಾ ಬಿಟ್ಟು ಅವನ ಕ್ರೇಟು ತುಂಬಿದರು. ಅವನನ್ನು ಉಳಿಸಬೇಕೆಂದೇ ತುಂಬಿದರು. ತಕ್ಕಡಿಗೆ ಕಂಡದ್ದು ಇಷ್ಟೇ: ಈ ಮನುಷ್ಯ ಇಲ್ಲದಿದ್ದರೂ ಏನೂ ಕಡಿಮೆಯಾಗುವುದಿಲ್ಲ. ಚಿದಂಬರನ ಕ್ರೇಟನ್ನು ಯಾರೂ ಮುಟ್ಟಲಿಲ್ಲ, ವೆಲ್ಡಿಂಗಿನವರು ಕೈ ಕಟ್ಟಿ ಕೂತರು, ಸಾಲು ಕುಸಿಯಿತು. ತಕ್ಕಡಿ ಅಂದಿತು: ಇವನಿಲ್ಲದೆ ನಡೆಯುವುದಿಲ್ಲ.

ಮರುದಿನ ಕೋಣೆಯಲ್ಲಿ ತನ್ಮಯಿಗೆ ಹೇಳಿದೆ. ಅವಳು ತಲೆಯ ಮೇಲೆ ಕೈ ಹೊತ್ತಳು. "ಯಂತ್ರ ಸುಳ್ಳು ಹೇಳಿಲ್ಲ ಅಕ್ಕ. ನಾವು ಕೇಳಿದ ಪ್ರಶ್ನೇನೇ ಸರಿ ಇಲ್ಲ," ಎಂದು ನನ್ನನ್ನು ಕರೆದುಕೊಂಡು ನೇರ ದೇಶಮಾನೆಯವರ ಹತ್ತಿರ ಹೋದಳು. ಸಾಹೇಬರು ಪೂರ್ತಿ ಕೇಳಿದರು. ಕನ್ನಡಕ ತೆಗೆದು ಒರೆಸಿದರು.

"ಮಂದಿ ಯಾಕ ತುಂಬಿದ್ರು ಅನ್ನೂದು ನನಗ ಬೇಕಾಗಿಲ್ಲ ಅನಸೂಯಾಬಾಯಿ. ಫಕ್ಕೀರಪ್ಪ ಇಲ್ಲದ ಕೆಲಸ ನಡೀತೋ ಇಲ್ಲೋ? ನಡೀತು. ನಡಿಸಿ ತೋರಿಸಿದವರು ನಿಮ್ಮ ಮಂದೀನ. ಮತ್ತ ನೆನಪಿರಲಿ, ಈ ಮಾತು ಕೆಳಗ ಹೋಗಬಾರದು."

ಹೋಯಿತು. ನಾನೇ ಒಯ್ದೆ. ನೀರಿನ ಟಾಕಿಯ ಹಿಂದೆ ರಾಜಾಬಿಯ ಕಿವಿಯಲ್ಲಿ ಹೇಳಿದೆ, ಮನೆಯಲ್ಲಿ ಫಕ್ಕೀರಪ್ಪನಿಗೆ ಹೇಳಿದೆ. ಎರಡನೆಯ ಸುತ್ತಿನಲ್ಲಿ ಯಾರ ಕ್ರೇಟನ್ನೂ ಯಾರೂ ಮುಟ್ಟಬೇಡಿರಿ, ಆಗ ಎಲ್ಲರೂ ಭಾರವಾಗುತ್ತಾರೆ, ತಕ್ಕಡಿಯ ಬಾಯಿ ಮುಚ್ಚುತ್ತದೆ. ಇಷ್ಟೇ ನನ್ನ ಉಪಾಯ. ಮಾತು ಸಾಲಿನ ಉದ್ದಕ್ಕೂ ಹರಿಯಿತು, ಚಿದಂಬರನೊಬ್ಬನನ್ನು ಬಿಟ್ಟು. ಅವನಿಗೆ ಹೇಳಿದರೆ ಮೇಲೆ ಮುಟ್ಟಿಸುತ್ತಾನೆ ಎಂದು ನಾನೇ ತಾಕೀತು ಮಾಡಿದ್ದೆ.

ಮೊದಮೊದಲು ಸರಿಯೇ ಇತ್ತು. ರಜೆಯಿಂದ ಬಂದವರು ತಮ್ಮ ಖಾಲಿ ಕ್ರೇಟು ನೋಡಿ ನಿಟ್ಟುಸಿರು ಬಿಡುತ್ತಿದ್ದರು, ಪಕ್ಕದವರು ಕಣ್ಣು ಮಿಟುಕಿಸುತ್ತಿದ್ದರು. ಆಮೇಲೆ ಒಂದು ಬೆಳಿಗ್ಗೆ ವೆಲ್ಡಿಂಗಿಗೆ ಹತ್ತಿರದ ಟೇಬಲ್ಲಿನ ಹೆಂಗಸೊಬ್ಬಳು ರಜೆಯಿಂದ ಬಂದು ನೋಡಿದರೆ ಅವಳ ಕ್ರೇಟು ತುಂಬಿತ್ತು. ಯಾರು ತುಂಬಿದ್ದು? ಯಾರೂ ಒಪ್ಪಲಿಲ್ಲ. ಅವಳು ಕ್ರೇಟಿನ ಮುಂದೆ ನಿಂತು ಗೋಳೋ ಎಂದು ಅತ್ತಳು. ನಾಲ್ಕರಲ್ಲಿ ಒಬ್ಬರು ಹೋಗಲೇಬೇಕು. ಎಲ್ಲರೂ ಭಾರವಾದರೆ ತಾನೂ ಹೋಗಬಹುದು. ಹಾಗಾದರೆ ಇನ್ನೊಬ್ಬರನ್ನು ಹಗುರ ಮಾಡಿದರಾಯಿತು. ಈ ಲೆಕ್ಕ ಯಾರ ತಲೆಯಲ್ಲಿ ಮೊದಲು ಹುಟ್ಟಿತೋ, ಒಂದು ವಾರದಲ್ಲಿ ಎಲ್ಲರ ತಲೆಯಲ್ಲೂ ಇತ್ತು. ಊಟದ ಬುತ್ತಿ ಹಂಚಿಕೊಳ್ಳುತ್ತಿದ್ದವರು ಗೋಡೆಗೆ ಮುಖ ಮಾಡಿ ಉಣ್ಣತೊಡಗಿದರು. ಜ್ವರ ಬಂದರೂ ರಜೆ ಹಾಕಲು ಭಯ. ಎಲ್ಲರೂ ನನ್ನಂತೆ ಆಗಿಬಿಟ್ಟರು ಎಂದು ನನಗೆ ಅನ್ನಿಸಿತು.

ಚಿದಂಬರನ ಎರಡನೆಯ ರಜೆ ಬಂದ ದಿನ ನಾನು ಮೇಲೆ ಗಾಜಿನ ಹಿಂದೆ ಇದ್ದೆ. ಕೆಳಗೆ ರಾಜಾಬಿ, ಅವಳ ಆಚೆಯವರು, ಈಚೆಯವರು, ಇಡೀ ಸಾಲು ಅವನ ಟೇಬಲ್ಲಿಗೆ ಮುತ್ತಿತು. ಜಾತ್ರೆಯ ಹುರುಪಿನಲ್ಲಿ ಅವನ ಕ್ರೇಟು ತುಂಬಿದರು, ಖಾಲಿ ಮಾಡಿ ಕಳಿಸಿ ಮತ್ತೆ ತುಂಬಿದರು. ಫಕ್ಕೀರಪ್ಪ ಒಬ್ಬನೇ ತನ್ನ ಜಾಗದಲ್ಲಿ ತಲೆ ಬಗ್ಗಿಸಿ ಕೂತಿದ್ದ. ತನ್ಮಯಿ ನನ್ನ ಮುಖ ನೋಡಿದಳು. ಆಕ್ಷೇಪ ಬರೆಸಬೇಕಾದವಳು ನಾನು. ಚಿದಂಬರ ಕೆಳಗೆ ಇಳಿದರೆ ಫಕ್ಕೀರಪ್ಪ ಒಂದು ಮೆಟ್ಟಿಲು ಮೇಲೆ ಬರುತ್ತಾನೆ. ನಾನು ಚಹಾದ ಲೋಟ ಎತ್ತಿಕೊಂಡು ಗಾಜಿಗೆ ಬೆನ್ನು ಮಾಡಿದೆ.

ಮನೆಯಲ್ಲಿ ಫಕ್ಕೀರಪ್ಪ ಊಟದ ತಟ್ಟೆ ದೂರ ಸರಿಸಿದ.

"ಇದು ಮುಯ್ಯಿ ಅಲ್ಲ ಅನಸೂ, ಸುಪಾರಿ."

"ಅವನೇನ್ ದೇವರಂಥಾ ಮನಶ್ಯಾನೇನು? ಎಷ್ಟ ಮಂದೀನ ಬೈಸ್ಯಾನ, ನೆನಪ ಮಾಡ್ಕೊಳ್ರಿ. ನಿಮಗ ನಿಮ್ಮ ಕೆಲಸ ಬ್ಯಾಡೇನು?"

"ಬೇಕು. ಇಂಥಾದ್ರಿಂದ ಬ್ಯಾಡ."

ಮಾತು ಬೆಳೆಯುವಷ್ಟರಲ್ಲಿ ಬಾಗಿಲ ಹೊರಗೆ ಕೆಮ್ಮಿದ ಸದ್ದು. ತೆರೆದು ನೋಡಿದರೆ ನಿಂತಿದ್ದವನು ಚಿದಂಬರ! ಹಿಂದಿನ ದಿನ ಮರೆತುಬಿಟ್ಟಿದ್ದ ಕೊಡೆ ತರಲು ಸಂಜೆ ಕಾರ್ಖಾನೆಗೆ ಹೋಗಿದ್ದನಂತೆ, ತುಂಬಿದ ಕ್ರೇಟು ನೋಡಿದನಂತೆ. ಅಲ್ಲಿಂದ ಮನೆಗೆ ಹೋಗಿ, ಸ್ಟೀಲಿನ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಹಾಕಿಸಿಕೊಂಡು ಬಂದಿದ್ದ. ನಮ್ಮ ಹೊಸ್ತಿಲು ಅವನು ಯಾವತ್ತೂ ತುಳಿದವನಲ್ಲ.

"ಕುಂದ್ರೋದಿಲ್ರಿ ವೈನಿ," ಎಂದ. ಮತ್ತೆ ಕೂತ. "ಇಷ್ಟ ವರ್ಷ ಆತು, ನನ್ನ ಕ್ರೇಟ ಯಾರೂ ತುಂಬಿರಲಿಲ್ಲ. ತುಂಬಲಿ ಅಂತ ನಾನೂ ಅನ್ನಲಿಲ್ಲ ಬಿಡ್ರಿ, ನನ್ನ ಸ್ವಭಾವ ನನಗ ಗೊತ್ತೈತಿ. ಫಕ್ಕೀರಣ್ಣಾ, ನೀನ ಹೇಳಿ ಮಾಡಿಸಿರಬೇಕು. ನೀ ಬಿಟ್ರ ಇಂಥಾ ಬುದ್ಧಿ ಯಾರಿಗೆ ಬರ್ತೈತಿ?" ಅವನ ಕಣ್ಣಲ್ಲಿ ನೀರಿತ್ತು.

ಫಕ್ಕೀರಪ್ಪ ಬಾಯಿ ತೆರೆದ. "ಚಿದಂಬರಾ, ಒಂದ್ ಮಾತ ಹೇಳ್ತೀನಿ ಕೇಳು, ಆ ಕ್ರೇಟ..."

"ಚಾ ತಗೊಳ್ರಿ," ಎಂದು ನಾನು ನಡುವೆ ನುಗ್ಗಿದೆ. ಕಣ್ಣಿನಲ್ಲೇ ಫಕ್ಕೀರಪ್ಪನ ಬಾಯಿ ಮುಚ್ಚಿಸಿದೆ. ನನ್ನ ಅನುಮಾನ ಒಂದೇ: ಇವನನ್ನು ದೇಶಮಾನೆ ಕಳಿಸಿದ್ದಾನೆ. ಕೆಳಗಿನವರಿಗೆ ಗುಟ್ಟು ಗೊತ್ತೋ ಇಲ್ಲವೋ ವಾಸನೆ ಹಿಡಿಯಲು ಬಂದಿದ್ದಾನೆ. ಈ ನೀರು ಸುಳ್ಳು, ಈ ಹೋಳಿಗೆ ಸುಳ್ಳು. ಒಂದು ಮಾತು ಜಾರಿದರೆ ಒಪ್ಪಂದ ರದ್ದು, ಇಡೀ ಸಾಲು ಬೀದಿಗೆ.

ಅವನು ಚಹಾ ಕುಡಿದು ಎದ್ದ. ಹೋಗುವಾಗ ಫಕ್ಕೀರಪ್ಪನ ಎರಡೂ ಕೈ ಹಿಡಿದುಕೊಂಡು ಒಂದು ಗಳಿಗೆ ನಿಂತ.

"ಅವಗ ಹೇಳಬೇಕಿತ್ತು," ಎಂದ ಫಕ್ಕೀರಪ್ಪ ಬಾಗಿಲು ಹಾಕುತ್ತ. "ನಾಳೆ ಮುಂಜಾನೆ ಗೇಟಿನ್ಯಾಗ ಹಿಡದು ಹೇಳ್ತೀನಿ. ನೀ ಏನರ ಅನ್ನು."

ಬೆಳಿಗ್ಗೆ ಗೇಟಿನಲ್ಲಿ ಫಕ್ಕೀರಪ್ಪನ ಮೊಬೈಲು ಟಿಣ್ ಅಂದಿತು. ಇಂದು ನಿಮಗೆ ಪಗಾರ ಸಹಿತ ರಜೆ. ಚಿದಂಬರ ಆಗಲೇ ಒಳಗೆ ಹೋಗಿದ್ದ. ಒಳಗೆ ಹೋದವರ ಮೊಬೈಲುಗಳೆಲ್ಲ ಗೇಟಿನ ಕಾವಲಿನವನ ಪೆಟ್ಟಿಗೆಯಲ್ಲಿ. ಫಕ್ಕೀರಪ್ಪ ಗೇಟಿನ ಹೊರಗೆ ನಿಂತು ನನ್ನ ಕಡೆ ನೋಡಿದ. "ನೀನ ಹೇಳ ಅವಗ," ಎಂದ. ನಾನು ಹೂಂ ಎಂಬಂತೆ ತಲೆ ಅಲ್ಲಾಡಿಸಿ ಒಳಗೆ ಹೋದೆ. ಹೇಳುವ ಮನಸ್ಸು ನನಗೆ ಇರಲಿಲ್ಲ. ಫಕ್ಕೀರಪ್ಪನ ಕ್ರೇಟು ಖಾಲಿ ಇರುತ್ತದೆ, ಅವನು ಭಾರವಾಗುತ್ತಾನೆ, ಉಳಿಯುತ್ತಾನೆ. ಇವತ್ತೊಂದು ದಿನ ಕಳೆದರೆ ಸಾಕು ಎಂದುಕೊಂಡು ಮಹಡಿ ಹತ್ತಿದೆ.

ಗಾಜಿನಿಂದ ಕೆಳಗೆ ನೋಡಿದಾಗ ಚಿದಂಬರ ತನ್ನ ಜಾಗದಲ್ಲಿ ಇರಲಿಲ್ಲ. ಅವನು ಫಕ್ಕೀರಪ್ಪನ ಟೇಬಲ್ಲಿನ ಮುಂದೆ ಕೂತಿದ್ದ. ಬಚ್ಚಿಡುತ್ತಿದ್ದನಲ್ಲ, ಆ ಒಳ್ಳೆಯ ಮೀಟರನ್ನು ಹೊರಗೆ ತೆಗೆದಿದ್ದ. ಸೆಲ್ಲು ಹಚ್ಚುತ್ತಾನೆ, ನೋಡುತ್ತಾನೆ, ಕ್ರೇಟಿಗೆ ಹಾಕುತ್ತಾನೆ. ಹಚ್ಚುತ್ತಾನೆ, ನೋಡುತ್ತಾನೆ, ಹಾಕುತ್ತಾನೆ. ಅವನ ಕೈ ಇಷ್ಟು ಚುರುಕು ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ನಾನು ಗಾಜು ಬಡಿದೆ. ದಪ್ಪ ಗಾಜು. ಮೆಟ್ಟಿಲ ಕಡೆ ಓಡಿದರೆ ಬಾಗಿಲಲ್ಲಿ ದೇಶಮಾನೆ ಸಾಹೇಬರು. "ತೂಗುವಾಗ ಕಾವಲಿನವರು ಕೆಳಗ ಇಳಿಯಂಗಿಲ್ಲ, ಅನಸೂಯಾಬಾಯಿ. ನೀವ ಸಹಿ ಮಾಡೀರಿ."

ಕೆಳಗೆ ರಾಜಾಬಿ ಫಕ್ಕೀರಪ್ಪನ ಕ್ರೇಟನ್ನು ಎಳೆದುಕೊಳ್ಳಲು ನೋಡಿದಳು. ಚಿದಂಬರ ಬಿಡಲಿಲ್ಲ. ಅವನು ಏನೋ ಹೇಳಿದ. ಸಾಲಿನವರೆಲ್ಲ ತಲೆ ತಗ್ಗಿಸಿದರು. ಆಮೇಲೆ ರಾಜಾಬಿ ನನಗೆ ಹೇಳಿದಳು, ಅವನು ಅಂದದ್ದು ಇಷ್ಟು: "ಒಂದ್ ಸಲ ಆದ್ರೂ ನನ್ನ ಮುಯ್ಯಿ ತೀರಸಾಕ ಬಿಡ್ರೆವಾ." ಅಷ್ಟು ಮಂದಿಯಲ್ಲಿ ಒಬ್ಬರಿಗೂ ಅವನಿಗೆ ನಿಜ ಹೇಳುವ ಬಾಯಿ ಇರಲಿಲ್ಲ. ಹೇಳಿದರೆ ಹಿಂದಿನ ದಿನದ್ದನ್ನೂ ಹೇಳಬೇಕಾಗುತ್ತಿತ್ತು.

"ಆಕ್ಷೇಪ ಐತಿ," ಎಂದೆ ನಾನು. "ಇದನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ. ಒಬ್ಬನ ಕ್ರೇಟ ಇನ್ನೊಬ್ಬ ತುಂಬಾಕತ್ಯಾನ."

"ಬರಕೊಳ್ಳೋಣ," ಎಂದರು ಸಾಹೇಬರು ಶಾಂತವಾಗಿ. "ಹಂಗಾದ್ರ ನಿನ್ನೆ ಚಿದಂಬರನ ಕ್ರೇಟಿಗೆ ಇಡೀ ಸಾಲು ಮುಕುರಿದ್ದನ್ನೂ ಬರಕೊಳ್ಳೋಣ. ಆವಾಗ ನೀವು ಚಾ ಕುಡಿಯಾಕತ್ತಿದ್ರಿ. ಯಾಕ ಮುಕುರಿದ್ರು, ಅವರಿಗೆ ಯಾರು ಹೇಳಿದ್ರು, ಅದನ್ನೂ ಬರಕೊಳ್ಳೋಣ. ಒಪ್ಪಂದ ರದ್ದ ಆಗತೈತಿ. ಆಮ್ಯಾಲ ನಾನ ಆರಸ್ತೀನಿ. ಹೆಂಗ, ಬರೀಲೇನು?"

ಎಲ್ಲ ಗೊತ್ತಿತ್ತು ಆ ಮನುಷ್ಯನಿಗೆ. ಮೊದಲಿನಿಂದ ಗೊತ್ತಿತ್ತು. ನಾನು ವೈರು ಹುಡುಕಿದೆ, ಕ್ಯಾಮೆರಾ ಒರೆಸಿದೆ, ಹೋಳಿಗೆ ತಂದವನ ಕಣ್ಣೀರನ್ನು ಅನುಮಾನಿಸಿದೆ. ಅನುಮಾನಿಸಬೇಕಾದ ಜಾಗ ಅವತ್ತೇ ನನ್ನೆದುರಿಗೆ ಕನ್ನಡಕ ಒರೆಸುತ್ತ ಕೂತಿತ್ತು. ತನ್ಮಯಿ ಎದ್ದು, "ಸರ್, ಇದು ಅನ್ಯಾಯ," ಎಂದಳು. ಸಾಹೇಬರು ಅವಳ ಕಡೆ ತಿರುಗಿಯೂ ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದರು.

ಬರೆಯಬೇಡಿರಿ ಎಂದೆ.

ಕೊನೆಯ ತೂಕದಲ್ಲಿ ಫಕ್ಕೀರಪ್ಪ ಹೋದ. ಚಿದಂಬರನೂ ಹೋದ, ಅವನ ಎರಡನೆಯ ರಜೆ ಅಷ್ಟು ಹಗುರಾಗಿತ್ತು. ತನ್ಮಯಿ ತಾನೇ ರಾಜೀನಾಮೆ ಕೊಟ್ಟು ಊರಿಗೆ ಹೋದಳು, ಹೋಗುವಾಗ ನನ್ನ ಕಾಲು ಮುಟ್ಟಿದಳು, ನನಗೆ ನಾಚಿಕೆಯಾಯಿತು. ಇಡೀ ಕಾರ್ಖಾನೆಯಲ್ಲಿ ಎಲ್ಲರಿಗಿಂತ ಭಾರವಾದ ಟೇಬಲ್ಲು ಯಾವುದು ಗೊತ್ತೇ? ನನ್ನದು. ನನ್ನ ಎರಡೂ ರಜೆಗಳಲ್ಲಿ ನನ್ನ ಕ್ರೇಟಿನಲ್ಲಿ ಒಂದು ಸೆಲ್ಲೂ ಬಿದ್ದಿರಲಿಲ್ಲ.

ಕೊನೆಯ ದಿನ ಗೇಟಿನ ಹತ್ತಿರ ಇಬ್ಬರೂ ಗಂಡಸರು ಜೊತೆಯಾಗಿ ನಿಂತಿದ್ದರು. ಚಿದಂಬರನಿಗೆ ತನ್ನದಕ್ಕಿಂತ ಇವನದೇ ಚಿಂತೆ.

"ನಿನ್ನ ಕ್ರೇಟ ತುಂಬಿ ಇಟ್ಟಿದ್ದೆನೋ ಫಕ್ಕೀರಣ್ಣಾ. ನನ್ನ ಕೈಯಾರೆ ತುಂಬಿದ್ದೆ. ಆದ್ರೂ ನಿನ್ನನ್ನ ಹೆಂಗ ತಗದ್ರು?"

ಫಕ್ಕೀರಪ್ಪ ಅವನ ಹೆಗಲ ಮೇಲೆ ಕೈ ಹಾಕಿದ.

"ತುಂಬಿದ್ದಿಯಲ್ಲೋ, ಅಷ್ಟ ಸಾಕು," ಎಂದ. "ನಡಿ, ಎಲ್ಲೆರ ಚಾ ಕುಡ್ಯೋಣು."

ಇಬ್ಬರೂ ರಸ್ತೆ ದಾಟಿ ಹೋದರು. ಈಗ ಹಳೇ ಬಸ್ ನಿಲ್ದಾಣದ ಹತ್ತಿರ ಸೇರಿಯೇ ಒಂದು ರಿಪೇರಿ ಅಂಗಡಿ ಇಟ್ಟಿದ್ದಾರೆ. ಕೆಲವು ದಿನ ಗಿರಾಕಿ ಬರುತ್ತಾರೆ, ಕೆಲವು ದಿನ ಇಲ್ಲ. ಮನೆ ನನ್ನ ಪಗಾರದ ಮೇಲೆ ನಡೆಯುತ್ತದೆ. ಚಿದಂಬರನಿಗೆ ಆ ಮಾತು ಇವತ್ತಿಗೂ ಗೊತ್ತಿಲ್ಲ. ಹೇಳಬೇಡ ಎಂದು ಫಕ್ಕೀರಪ್ಪ ನನ್ನಿಂದ ಆಣೆ ಮಾಡಿಸಿಕೊಂಡಿದ್ದಾನೆ.

ತಕ್ಕಡಿ ಕಾರ್ಖಾನೆಯಲ್ಲೇ ಉಳಿದಿದೆ. ಆರ್ಡರು ಇನ್ನೂ ಇಳಿದರೆ ಮತ್ತೆ ತೂಗುತ್ತದಂತೆ. ಈಗ ಅದು ಚೀಟಿ ಎತ್ತುವುದೂ ಇಲ್ಲ, ಯಾರು ಯಾವಾಗ ಬಾರದಿದ್ದರೂ ಆ ದಿನವನ್ನು ತನ್ನಷ್ಟಕ್ಕೆ ತೂಗಿಟ್ಟುಕೊಳ್ಳುತ್ತದೆ ಎಂದು ಸಾಹೇಬರು ಹೇಳಿದ್ದಾರೆ. ಯಾರೂ ರಜೆ ಹಾಕುವುದಿಲ್ಲ. ಕಳೆದ ವಾರ ನನಗೆ ಮೈ ಸುಡುವ ಜ್ವರ ಬಂತು. ಏಳಲಾಗಲಿಲ್ಲ, ಒಂದು ದಿನ ಮಲಗಿದೆ.

ಮರುದಿನ ಹೋಗಿ ನೋಡಿದರೆ ನನ್ನ ಕ್ರೇಟು ತುಂಬಿತ್ತು.

ಸೆಲ್ಲುಗಳನ್ನು ಒಂದರ ಪಕ್ಕ ಒಂದು ಅಚ್ಚುಕಟ್ಟಾಗಿ ಜೋಡಿಸಿದ್ದರು. ಇಷ್ಟು ವರ್ಷಗಳಲ್ಲಿ ಮೊದಲ ಸಲ. ನಾನು ರಾಜಾಬಿಯ ಮುಖ ನೋಡಿದೆ, ಅವಳ ಆಚೆಯವಳ ಮುಖ ನೋಡಿದೆ, ಸಾಲಿನ ಕೊನೆಯವರೆಗೂ ನೋಡಿದೆ. ಯಾರೂ ತಲೆ ಎತ್ತಲಿಲ್ಲ.